ಹದಿನೇಳನೆಯ ಮನೆಯ ಒಂಬತ್ತು

ನನ್ನ ಬರೆಯುವ ಮೇಜಿನ ಗಾಜಿನ ಕೆಳಗೆ ಮೂರು ಕಾಗದಗಳಿವೆ. ಒಂದು ಅಮ್ಮನ ಹಳೆಯ ಫೋಟೊ. ಇನ್ನೊಂದು ಮಗಳು ಮೂರನೇ ಕ್ಲಾಸಿನಲ್ಲಿ ಬಿಡಿಸಿದ ನವಿಲು. ಮೂರನೆಯದು ಗಾಲ್ಫ್ ಆಟದ ಸ್ಕೋರ್ ಕಾರ್ಡು. ಅದರಲ್ಲಿ ಹದಿನೆಂಟು ಮನೆಗಳು, ಮನೆಗೊಂದರಂತೆ ಪೆನ್ಸಿಲಿನಲ್ಲಿ ಬರೆದ ಅಂಕಿಗಳು. ಹದಿನೇಳನೆಯ ಮನೆಯಲ್ಲಿ ಮಾತ್ರ ಎರಡು ಅಂಕಿಗಳಿವೆ. ಮೊದಲು 7 ಎಂದು ಬರೆದು, ಅದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 9 ಎಂದು ಬರೆದಿದೆ. ಗೆರೆಯ ತುದಿಗೆ ನನ್ನ ಪುಟ್ಟ ಸಹಿ. ಮನೆಗೆ ಬಂದವರು ಕಾಫಿ ಕುಡಿಯುತ್ತಾ ಅದನ್ನು ನೋಡಿ, "ಚೆನ್ನಾಗಿ ಆಡಿದ ದಿನದ ಕಾರ್ಡಾ?" ಎಂದು ಕೇಳುತ್ತಾರೆ. ಆ ಒಂದು ಮನೆಯ ಕಥೆ ಹೇಳದೆ ಅವರಿಗೆ ಉತ್ತರ ಕೊಡಲು ನನಗೆ ಬರುವುದಿಲ್ಲ.

ನಾನು ಲೋಕೋಪಯೋಗಿ ಇಲಾಖೆಯಲ್ಲಿ ಎಂಜಿನಿಯರ್ ಆಗಿದ್ದವನು. ಗಾಲ್ಫ್ ಕೋಲು ಹಿಡಿದದ್ದು ನಲವತ್ತಾರು ತುಂಬಿದ ಮೇಲೆ, ಮೈಸೂರಿಗೆ ವರ್ಗವಾಗಿ ಬಂದಾಗ. ಅಲ್ಲಿನ ಗಾಲ್ಫ್ ಮೈದಾನ ರೇಸ್ ಕೋರ್ಸಿನ ಒಳಗೇ ಇದೆ. ಬೆಳಗಿನ ಮಂಜು ಕರಗುವ ಹೊತ್ತಿಗೆ ಅಲ್ಲಿ ನಿಂತರೆ ಚಾಮುಂಡಿ ಬೆಟ್ಟ ನಿಧಾನವಾಗಿ ಮೂಡಿ ಬರುತ್ತದೆ. ನನಗೆ ಆಟ ಕಲಿಸಿದವನು ನನ್ನ ಕ್ಯಾಡಿ. ಹುಡುಗನಾಗಿದ್ದಾಗಿನಿಂದ ಬೇರೆಯವರ ಚೀಲ ಹೊತ್ತು, ನೂರಾರು ಜನರ ಕೈಬೀಸು ನೋಡಿ, ಆಟವನ್ನು ಕಣ್ಣಿನಲ್ಲೇ ಕಲಿತವನು. ನಮ್ಮ ಗಾಲ್ಫಿನಲ್ಲಿ ಅಂಥ ಕಣ್ಣುಗಳ ಪಾಲು ದೊಡ್ಡದು. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಶುರು ಮಾಡಿದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ.

ಆಟ ಶುರು ಮಾಡಿದ ಮೊದಲ ತಿಂಗಳಲ್ಲೇ ಒಂದು ಪಾಠವಾಯಿತು. ಚೆಂಡು ಲಾಂಟಾನಾ ಪೊದೆಯ ಪಕ್ಕದಲ್ಲಿ ಬಿದ್ದಿತ್ತು. ಬಲವಾಗಿ ಬೀಸಿದೆ. ಕೋಲು ಗಾಳಿಯನ್ನಷ್ಟೇ ಸೀಳಿತು, ಚೆಂಡು ಇದ್ದಲ್ಲೇ ಇತ್ತು. ಮತ್ತೆ ಬೀಸಿದೆ, ಹೋಯಿತು. ಚೆಂಡು ಕುಳಿಗೆ ಬಿದ್ದು ಆ ಹೋಲ್ ಮುಗಿದಾಗ "ಆರು" ಅಂದೆ.

"ಏಳು ಸಾರ್" ಅಂದ ಆತ.

"ಒಂದು ತಗಲಲೇ ಇಲ್ಲವಲ್ಲಪ್ಪ."

"ಹೊಡೀಬೇಕು ಅಂತ ಬೀಸಿದ್ರಲ್ಲ ಸಾರ್. ತಗಲದಿದ್ರೂ ಏಟು ಏಟೇ."

ಮುಂದೆ ನಿಯಮದ ಪುಸ್ತಕ ಓದಿದಾಗ ಅಲ್ಲೂ ಅದೇ ಇತ್ತು. ಚೆಂಡನ್ನು ಹೊಡೆಯುವ ಉದ್ದೇಶದಿಂದ ಕೋಲನ್ನು ಮುಂದಕ್ಕೆ ಬೀಸಿದರೆ ಅದು ಏಟು. ಕ್ರಿಕೆಟ್ಟಿನಲ್ಲಿ ಬ್ಯಾಟು ಗಾಳಿಗೆ ಬೀಸಿದರೆ ಲೆಕ್ಕಕ್ಕೆ ಏನೂ ಸೇರುವುದಿಲ್ಲ. ಗಾಲ್ಫಿನಲ್ಲಿ ಮನಸ್ಸು ಮಾಡಿದ್ದೂ ಲೆಕ್ಕಕ್ಕೆ ಸೇರುತ್ತದೆ.

ನನ್ನ ನೌಕರಿಯೂ ಲೆಕ್ಕದ್ದೇ. ನಮ್ಮ ಇಲಾಖೆಯಲ್ಲಿ ಎಂ.ಬಿ. ಎಂಬ ಅಳತೆ ಪುಸ್ತಕವಿದೆ. ಚರಂಡಿಯ ಉದ್ದ, ಗೋಡೆಯ ದಪ್ಪ, ಹಾಕಿದ ಜಲ್ಲಿಯ ಅಳತೆ ಎಲ್ಲವೂ ಅದರಲ್ಲಿ ದಾಖಲಾಗಬೇಕು. ಗುತ್ತಿಗೆದಾರನಿಗೆ ಹಣ ಹೋಗುವುದು ಆ ಅಂಕಿಗಳ ಮೇಲೆ. ಅದರಲ್ಲಿ ಅಳಿಸುವಂತಿಲ್ಲ, ತಿದ್ದಿ ಬರೆಯುವಂತಿಲ್ಲ. ತಪ್ಪಿದ್ದರೆ ತಪ್ಪು ಕಾಣುವ ಹಾಗೆಯೇ ಒಂದು ಗೆರೆ ಎಳೆದು, ಪಕ್ಕದಲ್ಲಿ ಸರಿಯಾದ ಅಂಕಿ ಬರೆದು, ಸಹಿ ಹಾಕಬೇಕು. ಮೂವತ್ತಮೂರು ವರ್ಷ ಅದನ್ನು ಮಾಡಿದ ಕೈ ನನ್ನದು.

ನಿವೃತ್ತಿಯಾದ ಮರುವರ್ಷ ಜೂನ್ ತಿಂಗಳಲ್ಲಿ ಮಗಳ ಮನೆಗೆ ಹೋದೆವು. ಅವಳು ಸ್ಕಾಟ್ಲೆಂಡಿನ ಡಂಡಿಯಲ್ಲಿ ಓದುತ್ತಿದ್ದಳು. ಒಂದು ಕಾಲಕ್ಕೆ ಬಂಗಾಳದ ಸೆಣಬು ನೇಯ್ದು ಬದುಕಿದ ಊರು ಅದು. ಅಲ್ಲಿಂದ 99 ನಂಬರಿನ ಬಸ್ಸು ಹತ್ತಿ ಟೇ ನದಿಯ ಸೇತುವೆ ದಾಟಿದರೆ ಮುಕ್ಕಾಲು ಗಂಟೆಯೊಳಗೆ ಸೇಂಟ್ ಆಂಡ್ರೂಸ್ ಬರುತ್ತದೆ. ಗಾಲ್ಫ್ ಆಡುವವರಿಗೆ ಅದು ಕಾಶಿ.

ಹಾಗೆನ್ನಲು ಕಾರಣವಿದೆ. ಅಲ್ಲಿ ಐದಾರು ಶತಮಾನಗಳಿಂದ ಈ ಆಟ ನಡೆದಿದೆ. ಜನ ಬಿಲ್ವಿದ್ಯೆ ಬಿಟ್ಟು ಗಾಲ್ಫಿನ ಹಿಂದೆ ಬಿದ್ದಿದ್ದಾರೆಂದು 1457ರಲ್ಲಿ ಸ್ಕಾಟ್ಲೆಂಡಿನ ಸಂಸತ್ತು ಆಟವನ್ನೇ ನಿಷೇಧಿಸಿತ್ತು. ಓಲ್ಡ್ ಕೋರ್ಸಿನಲ್ಲಿ ಮೊದಲು ಒಂದು ಸುತ್ತಿಗೆ 22 ಹೋಲ್‌ಗಳಿದ್ದವು. 1764ರಲ್ಲಿ ಕೆಲವನ್ನು ಕೂಡಿಸಿ 18 ಮಾಡಿದರು. ಲೋಕದಲ್ಲೆಲ್ಲ ಹದಿನೆಂಟು ಹೋಲ್‌ಗಳ ಸುತ್ತು ರೂಢಿಯಾದದ್ದು ಅಲ್ಲಿಂದ. 1829ರಲ್ಲಿ ಕಲ್ಕತ್ತೆಯಲ್ಲಿ, 1876ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷರು ಕ್ಲಬ್ ಕಟ್ಟಿದರು; ಆಟದ ಹಿಂದೆ ಮುಂದೊಂದು ದಿನ ಆ ಲೆಕ್ಕವೂ ಬಂತು. ನನ್ನ ಮೈಸೂರಿನ ಕಾರ್ಡಿನಲ್ಲಿ ಹದಿನೆಂಟು ಮನೆಗಳಿರುವುದು ಈ ಕಡಲ ದಂಡೆಯ ಊರಿನ ದೆಸೆಯಿಂದ.

ಇನ್ನೂ ಹೆಚ್ಚು ಮನಸ್ಸಿಗೆ ತಟ್ಟಿದ್ದು ಬೇರೆ. ಆ ಮೈದಾನ ಯಾವ ಕ್ಲಬ್ಬಿನ ಸ್ವತ್ತೂ ಅಲ್ಲ. ಊರಿನ ಸಾರ್ವಜನಿಕ ನೆಲ, ಒಂದು ಟ್ರಸ್ಟ್ ಅದನ್ನು ನೋಡಿಕೊಳ್ಳುತ್ತದೆ. ಭಾನುವಾರ ಆಟ ಇಲ್ಲ. ಅಂದು ಊರವರು ಮಕ್ಕಳನ್ನೂ ನಾಯಿಗಳನ್ನೂ ಕರೆದುಕೊಂಡು ಅಲ್ಲಿ ತಿರುಗಾಡುತ್ತಾರೆ. ಮೊದಲ ಮತ್ತು ಕೊನೆಯ ಹೋಲ್‌ಗಳಿಗೆ ಅಡ್ಡಲಾಗಿ ಊರ ರಸ್ತೆಯೊಂದು ಸಮುದ್ರದ ಕಡೆಗೆ ಹೋಗುತ್ತದೆ. ಆಡಲು ಬೇಕಾದದ್ದು ಹ್ಯಾಂಡಿಕ್ಯಾಪ್ ಪತ್ರ, ಆ ದಿನದ ಶುಲ್ಕ, ಚೀಟಿ ಎತ್ತಿದಾಗ ಹೆಸರು ಬರುವ ಅದೃಷ್ಟ. ಇಷ್ಟಿದ್ದರೆ ಜಗತ್ತಿನ ಯಾವ ಮೂಲೆಯ ಹವ್ಯಾಸಿಯಾದರೂ ಮಹಾನ್ ಆಟಗಾರರು ನಿಂತ ಹುಲ್ಲಿನ ಮೇಲೆ ನಿಂತು, ಅವರು ಎದುರಿಸಿದ ಹೋಲನ್ನೇ ಎದುರಿಸಬಹುದು. ಲಾರ್ಡ್ಸ್ ಮೈದಾನಕ್ಕೆ ಹೋಗಿ ನಾವು ನೀವು ಬ್ಯಾಟು ಹಿಡಿಯಲಾಗುತ್ತದೆಯೇ?

ಮೂರನೆಯ ಸಲ ಹೆಸರು ಕೊಟ್ಟಾಗ ಸಂಜೆ ಮಗಳು ಮೊಬೈಲ್ ಹಿಡಿದು ಅಡುಗೆಮನೆಗೆ ಓಡಿ ಬಂದಳು. "ಅಪ್ಪಾ, ನಿನ್ನ ಹೆಸರು ಬಂದಿದೆ!" ಆ ರಾತ್ರಿ ಹತ್ತು ಗಂಟೆಗೂ ಆಕಾಶದಲ್ಲಿ ಬೆಳಕಿತ್ತು. ಬೆಳಕಿನಿಂದಲೋ ಏನೋ, ನಿದ್ದೆ ಬರಲಿಲ್ಲ.

ನನ್ನ ಜೊತೆಗೆ ಆಡಲು ಸಿಕ್ಕವರು ಇಬ್ಬರು ಸ್ಕಾಟ್ ಹಿರಿಯರು. ಒಬ್ಬರು ಶಾಲೆಯ ಮಾಸ್ತರಾಗಿ ನಿವೃತ್ತರಾದವರು, ಇನ್ನೊಬ್ಬರು ಅಂಚೆಯಲ್ಲಿ ಕೆಲಸ ಮಾಡಿದವರು. ಒಬ್ಬ ಕ್ಯಾಡಿಯನ್ನೂ ಗೊತ್ತುಮಾಡಿಕೊಂಡೆ. ಎಪ್ಪತ್ತರ ಹತ್ತಿರದ ಮನುಷ್ಯ, ಗಾಳಿಗೆ ಸುಕ್ಕಾದ ಕೆಂಪು ಮುಖ, ಬೇಕಾದಷ್ಟೇ ಮಾತು. ನನ್ನ ಹ್ಯಾಂಡಿಕ್ಯಾಪ್ 24. ಅಂದರೆ ನುರಿತವರು 72 ಏಟಿನಲ್ಲಿ ಮುಗಿಸುವ ಮೈದಾನವನ್ನು ನಾನು ಒಳ್ಳೆಯ ದಿನ 96ರ ಆಸುಪಾಸಿನಲ್ಲಿ ಮುಗಿಸಬಲ್ಲೆ. ಅಂದು ಕಡಲಿನಿಂದ ಗಾಳಿ ಜೋರಾಗಿತ್ತು. ಮನಸ್ಸಿನಲ್ಲಿ ಒಂದೇ ಆಸೆ ಇಟ್ಟುಕೊಂಡೆ: ನೂರರೊಳಗೆ ಮುಗಿಸಬೇಕು. ಹದಿನಾರು ಹೋಲ್ ಮುಗಿದಾಗ ನನ್ನ ಲೆಕ್ಕ 87. ಉಳಿದದ್ದು ಎರಡು. ಕೊನೆಯದು ಅಗಲವಾದ ಬಯಲು, ಅಷ್ಟು ಭಯವಿಲ್ಲ. ಅದರ ಹಿಂದಿನದೇ ರೋಡ್ ಹೋಲ್.

ಗಾಲ್ಫ್ ಬಲ್ಲವರಲ್ಲಿ ಲೋಕದ ಅತಿ ಕಷ್ಟದ ಹೋಲ್ ಯಾವುದು ಎಂದು ಕೇಳಿದರೆ ಬಹಳ ಮಂದಿ ಈ ಹದಿನೇಳನೆಯದರ ಹೆಸರು ಹೇಳುತ್ತಾರೆ. ದೊಡ್ಡ ಪಂದ್ಯಗಳಲ್ಲಿ ಇದರ ಉದ್ದ 495 ಗಜ. 2010ರ ಓಪನ್ ಚಾಂಪಿಯನ್‌ಶಿಪ್ಪಿಗೆಂದು ಮೊದಲ ಏಟು ಹೊಡೆಯುವ ಜಾಗವಾದ ಟೀಯನ್ನು 40 ಗಜ ಹಿಂದಕ್ಕೆ ಸರಿಸಿದರು. ನಮ್ಮಂಥವರು ಹೊಡೆಯುವುದು ಅದಕ್ಕಿಂತ ಬಹಳ ಮುಂದಿನಿಂದ. ಇದರ ಪಾರ್ ನಾಲ್ಕು, ಅಂದರೆ ನಿಪುಣನಾದವನು ನಾಲ್ಕು ಏಟಿನಲ್ಲಿ ಚೆಂಡನ್ನು ಕುಳಿಗೆ ಸೇರಿಸಬೇಕು. ಆದರೆ ಟೀಯಲ್ಲಿ ನಿಂತವನಿಗೆ ಎದುರಿಗೆ ಕಾಣುವುದು ಚೆಂಡು ಬೀಳಬೇಕಾದ ಫೇರ್‌ವೇ ಅಲ್ಲ, ಒಂದು ಕಟ್ಟಡ. ಹಿಂದೆ ಆ ಊರಿಗೆ ರೈಲು ಬರುತ್ತಿತ್ತು, ಮೈದಾನದ ಅಂಚಿಗೇ ಹಳಿಗಳೂ ಕಪ್ಪು ಶೆಡ್ಡುಗಳೂ ಇದ್ದವು. ಅಲ್ಲಿ ಹೋಟೆಲ್ ಎದ್ದಿತು, 1969ರಲ್ಲಿ ರೈಲೂ ನಿಂತಿತು. ಹಳೆಯ ಶೆಡ್ಡಿನ ಆಕಾರವನ್ನು ಮಾತ್ರ ಉಳಿಸಿಕೊಂಡು ಅದರ ಗೋಡೆಯ ಮೇಲೆ ಹೋಟೆಲಿನ ಹೆಸರು ಬರೆದಿದ್ದಾರೆ. ಬಲಕ್ಕೆ ತಿರುಗುವ ಫೇರ್‌ವೇ ಆ ಶೆಡ್ಡಿನ ಹಿಂದೆ ಅಡಗಿದೆ. ಕಾಣದ ಜಾಗವನ್ನು ನಂಬಿ, ಶೆಡ್ಡಿನ ನೆತ್ತಿಯ ಮೇಲಿಂದ ಚೆಂಡನ್ನು ಹಾಯಿಸಬೇಕು. ಹೆಚ್ಚು ಬಲಕ್ಕೆ ಹೋದರೆ ಹೋಟೆಲಿನ ಅಂಗಳ, ಅದು ಮೈದಾನದ ಹೊರಗೆ. ಹೆದರಿ ಎಡಕ್ಕೆ ಹೊಡೆದರೆ ಒರಟು ಹುಲ್ಲು, ದಾರಿ ಇನ್ನಷ್ಟು ದೂರ.

ಅದನ್ನು ದಾಟಿದ ಮೇಲೆ ಕುಳಿಯಿರುವ ಗ್ರೀನ್. ಓಲ್ಡ್ ಕೋರ್ಸಿನ ಬಹುತೇಕ ಗ್ರೀನ್‌ಗಳು ಎರಡೆರಡು ಹೋಲ್‌ಗಳಿಗೆ ಸೇರಿ ದೊಡ್ಡ ಅಂಗಳದಂತೆ ಇವೆ. ಹದಿನೇಳನೆಯದು ಒಂಟಿ. ಓರೆಯಾಗಿ ಇಟ್ಟ ಕಿರಿದಾದ ಜಗಲಿಯ ಹಾಗೆ. ಜಗಲಿಯ ಮುಂದೆ ಎಡಕ್ಕೆ ಕೊರೆದ ಮರಳಿನ ಗುಂಡಿ, ಅದೇ ರೋಡ್ ಹೋಲ್ ಬಂಕರ್. ಹಿಂದೆ ಟಾರು ರಸ್ತೆ, ರಸ್ತೆಯಾಚೆ ಹಳೆಯ ಕಲ್ಲುಗೋಡೆ. ರಸ್ತೆಯ ಮೇಲೆ ಬಿದ್ದ ಚೆಂಡನ್ನು ಎತ್ತಿಡುವಂತಿಲ್ಲ, ಟಾರಿನ ಮೇಲಿಂದಲೇ ಹೊಡೆಯಬೇಕು. ಅಂಜಿ ಮೆಲ್ಲಗೆ ಹೊಡೆದವನನ್ನು ಬಂಕರ್ ನುಂಗುತ್ತದೆ, ಧೈರ್ಯ ಹೆಚ್ಚಾದವನನ್ನು ರಸ್ತೆ ತೆಗೆದುಕೊಳ್ಳುತ್ತದೆ.

ದೊಡ್ಡವರೂ ಇಲ್ಲಿ ಸೋತಿದ್ದಾರೆ. 1978ರ ಓಪನ್ನಿನ ಮೂರನೇ ಸುತ್ತಿನಲ್ಲಿ ಮುಂಚೂಣಿಯಲ್ಲಿದ್ದ ಜಪಾನಿನ ಟಾಮಿ ನಕಾಜಿಮ ಎರಡೇ ಏಟಿಗೆ ಗ್ರೀನ್ ಮುಟ್ಟಿದ್ದರು. ಅಲ್ಲಿಂದ ಕುಳಿಯತ್ತ ಉರುಳಿಸಿ ಪಟ್ ಮಾಡಿದ ಚೆಂಡು ಇಳಿಜಾರು ಹಿಡಿದು ಬಂಕರಿಗೆ ಉರುಳಿತು. ಹೊರಬರಲು ನಾಲ್ಕು ಏಟು. ಕಾರ್ಡಿನ ಮೇಲೆ 9. 1984ರಲ್ಲಿ ಟಾಮ್ ವಾಟ್ಸನ್ ಹೊಡೆದ ಚೆಂಡು ಗ್ರೀನ್ ದಾಟಿ, ರಸ್ತೆ ದಾಟಿ, ಗೋಡೆಯ ಬುಡ ಸೇರಿತು. ಆ ಓಪನ್ ಸೆವೆ ಬ್ಯಾಲೆಸ್ಟೆರೋಸ್ ಪಾಲಾಯಿತು. 2000ದಲ್ಲಿ ಡೇವಿಡ್ ಡುವಾಲ್ ಕೊನೆಯ ದಿನ ಆ ಗುಂಡಿಯಿಂದ ಏಳಲು ನಾಲ್ಕು ಏಟು ತೆಗೆದುಕೊಂಡರು. ನನ್ನ ಜೊತೆಯ ಮಾಸ್ತರು ಇದನ್ನೆಲ್ಲ ಊರ ದೇವರ ಪವಾಡ ಹೇಳುವವರ ಹಾಗೆ ಭಕ್ತಿಯಿಂದ ಹೇಳುತ್ತಾ ಬಂದರು.

ಟೀ ಮೇಲೆ ಕ್ಯಾಡಿ ಶೆಡ್ಡಿನ ಮೇಲಿನ ಒಂದು ಅಕ್ಷರವನ್ನು ಬೆರಳು ಮಾಡಿ ತೋರಿಸಿದರು. "ಆ ಅಕ್ಷರದ ಮೇಲೆ. ಚೆಂಡು ಎಲ್ಲಿಗೆ ಹೋಯಿತು ಎಂದು ನೋಡಬೇಡಿ, ನಾನು ನೋಡುತ್ತೇನೆ." ರಸ್ತೆಗೆ ಅಲೈನ್‌ಮೆಂಟ್ ಹಾಕುವಾಗ ಗುಡ್ಡದಾಚೆಯ ಗೂಟ ನಮಗೂ ಕಾಣುತ್ತಿರಲಿಲ್ಲ. ಕಾಣುವ ಗುರುತನ್ನು ಹಿಡಿದು ಕಾಣದ ಕಡೆಗೆ ಹೋಗುವುದು ನನಗೆ ಹೊಸದಲ್ಲ ಎಂದುಕೊಂಡೆ. ಉಸಿರು ಬಿಟ್ಟೆ, ಬೀಸಿದೆ. ಕೈಗೆ ಏನೂ ತಾಕಿದಂತಾಗಲಿಲ್ಲ. ಚೆಂಡು ಸರಿಯಾಗಿ ಸಿಕ್ಕಿದಾಗ ಹಾಗೇ ಆಗುತ್ತದೆ. ಅದು ಅಕ್ಷರದ ಮೇಲೆದ್ದು, ಗಾಳಿಯಲ್ಲಿ ಒಂದು ಗಳಿಗೆ ನಿಂತಂತೆ ಮಾಡಿ, ಶೆಡ್ಡಿನಾಚೆ ಇಳಿಯಿತು. ಕ್ಯಾಡಿ ಚೀಲ ಹೆಗಲಿಗೇರಿಸಿದರು. ಆ ಹೆಗಲೇರಿಕೆಯಲ್ಲೇ ಉತ್ತರವಿತ್ತು.

ಶೆಡ್ಡು ಬಳಸಿ ಹೋದಾಗ ಫೇರ್‌ವೇ ನಡುವೆ ಬಿಳಿಯ ಚುಕ್ಕೆಯಂತೆ ಕುಳಿತಿತ್ತು ನನ್ನ ಚೆಂಡು. ಜೀವಮಾನದಲ್ಲಿ ಅಷ್ಟು ಸಂತೋಷ ಕೊಟ್ಟ ಏಟು ಇನ್ನೊಂದಿಲ್ಲ. ಅಲ್ಲಿಂದ ಗ್ರೀನ್ ನನ್ನ ಶಕ್ತಿಗೆ ಮೀರಿದ ದೂರ. ಹತ್ತಿರಕ್ಕೆ, ಬಲಗಡೆಗೆ ಹೊಡೆದು ನಿಲ್ಲಿಸಿ ಎಂದರು ಕ್ಯಾಡಿ. ಹಾಗೇ ಮಾಡಿದೆ. ಎರಡು ಏಟು. ಇನ್ನು ಮೂವತ್ತು ಗಜ. ಬಾವುಟ ಬಂಕರಿನ ಹಿಂದೆ ಪಟಪಟ ಬಡಿಯುತ್ತಿತ್ತು. ಬಾವುಟದ ಬಲಕ್ಕೆ, ಗ್ರೀನಿನ ಅಗಲವಿರುವ ಕಡೆ ಹೊಡೆದರೆ ಐದರಲ್ಲೋ ಆರರಲ್ಲೋ ಮುಗಿಯುವ ಹೋಲ್ ಅದು. ಆದರೆ ಮೊದಲ ಏಟಿನ ಸಂತೋಷ ಕೈಯಲ್ಲಿನ್ನೂ ಇತ್ತು. ನನ್ನ ಕಣ್ಣು ಬಾವುಟದ ಕಡೆಗೇ ಹೋಯಿತು. ಕಣ್ಣು ಹೋದ ಕಡೆ ಕೈ ಹೋಯಿತು. ಚೆಂಡು ಜಗಲಿಯ ಅಂಚಿಗೆ ಬಿತ್ತು, ಹತ್ತಲೋ ಬೇಡವೋ ಎಂಬಂತೆ ತಡೆಯಿತು, ಆಮೇಲೆ ಮಳೆನೀರು ಚರಂಡಿಯನ್ನು ಹುಡುಕಿಕೊಂಡು ಹೋಗುವ ಹಾಗೆ ಎಡಕ್ಕೆ ಹರಿದು ಮರೆಯಾಯಿತು. ಆ ನೆಲದ ಇಳಿಜಾರೆಲ್ಲ ಒಂದೇ ಕಡೆಗೆ. ಚೆಂಡಿಗೆಂದೇ ಮಾಡಿದ ದಾರಿ ಅದು.

ಬಂಕರಿಗೆ ಇಳಿದಾಗ ಮೊದಲು ಆದದ್ದು ಮೌನ. ಮೇಲೆ ಅಷ್ಟು ಹೊತ್ತಿನಿಂದ ಕಿವಿಯಲ್ಲಿ ಮೊರೆಯುತ್ತಿದ್ದ ಗಾಳಿ ತಟ್ಟನೆ ನಿಂತಿತು. ಎದುರಿಗೆ ಹುಲ್ಲಿನ ಹೆಂಟೆಗಳನ್ನು ಇಟ್ಟಿಗೆಯಂತೆ ಒಂದರ ಮೇಲೊಂದು ಪೇರಿಸಿ ಕಟ್ಟಿದ ಕಡಿದಾದ ಗೋಡೆ. ಕಟ್ಟಡದವನಾದ್ದರಿಂದ ಅದರ ವರಸೆಗಳನ್ನು ನೋಡುತ್ತಾ ನಿಂತುಬಿಟ್ಟೆ. ಎಷ್ಟು ಅಚ್ಚುಕಟ್ಟಾದ ಕೆಲಸ! ಗೋಡೆಯ ಮೇಲೆ ಕಾಣುತ್ತಿದ್ದದ್ದು ಆಕಾಶ, ಬಾವುಟದ ತುದಿ. ಅಷ್ಟೇ. ಜನರಿಲ್ಲ, ಊರಿಲ್ಲ.

ನಾಲ್ಕನೆಯ ಏಟು ಗೋಡೆಗೆ ಬಡಿಯಿತು. ಚೆಂಡು ತಿರುಗಿ ನನ್ನ ಕಾಲ ಬಳಿಯೇ ಬಂದು, ನಾನು ತುಳಿದು ಮಾಡಿದ್ದ ಹಿಮ್ಮಡಿಯ ಕುಳಿಯೊಳಗೆ ಕುಳಿತಿತು. ಮೇಲಿನಿಂದ ಕ್ಯಾಡಿ, "ಮುಂದಕ್ಕೆ ಬೇಡ. ಬಂದ ಕಡೆಗೇ ಹೊಡೆಯಿರಿ" ಎಂದು ಹೇಳಿ, ಮರಳು ಸಮ ಮಾಡುವ ಕುಂಟೆ ತರಲು ಆಚೆ ಹೋದರು. ಅಂಚೆಯವರ ಚೆಂಡು ರಸ್ತೆಯ ಮೇಲಿತ್ತು. ಮಾಸ್ತರು ಅವರ ಜೊತೆ ಅಲ್ಲಿದ್ದರು. ಅವರ ಮಾತು ಬಲು ದೂರದಿಂದ ಬಂದಂತೆ ಕೇಳುತ್ತಿತ್ತು.

ಬಂಕರಿನಲ್ಲಿ ಏಟು ಹೊಡೆಯುವ ಮೊದಲು ಕೋಲು ಚೆಂಡಿನ ಹಿಂದು ಮುಂದಿನ ಮರಳಿಗೆ ತಾಕಬಾರದು. 2019ರಲ್ಲಿ ನಿಯಮಗಳನ್ನು ಬಹಳ ಸಡಿಲಗೊಳಿಸಿದರು, ಬಂಕರಿನಲ್ಲಿ ಬಿದ್ದ ಎಲೆ ಕಡ್ಡಿ ಎತ್ತಬಹುದು ಎಂದರು. ಆದರೆ ಕೋಲನ್ನು ಹಿಂದಕ್ಕೆ ಎಳೆಯುವಾಗ ಮರಳು ತಾಕಿದರೆ ದಂಡ ಎರಡು ಏಟು ಎಂಬುದನ್ನು ಬಿಡಲಿಲ್ಲ. ನಾನು ಬಂದ ದಾರಿಯ ಕಡೆ ಮುಖ ಮಾಡಿ ನಿಂತೆ. ಹಿಮ್ಮಡಿ ಎಬ್ಬಿಸಿದ್ದ ಮರಳಿನ ಏರಿ ಚೆಂಡಿನ ಹಿಂದೆಯೇ ಇತ್ತು. ಕೋಲು ಹಿಂದಕ್ಕೆ ಹೋದಾಗ ಸರ್ ಎಂದು ಒಂದು ಸಣ್ಣ ಸದ್ದಾಯಿತು. ಅಕ್ಕಿ ಕೇರುವಾಗ ಮೊರದ ಅಂಚಿನಿಂದ ನಾಲ್ಕು ಕಾಳು ಜಾರಿದಷ್ಟು. ಕೈ ನಿಲ್ಲಲಿಲ್ಲ, ಬೀಸಿತು. ಚೆಂಡು ಹೊರಗೆ ಹಾರಿ ಫೇರ್‌ವೇ ಮೇಲೆ ಬಿತ್ತು. ಆ ಗುಂಡಿಯೊಳಗೆ ಏನಾಯಿತೆಂಬುದು ನನಗೂ ಮರಳಿಗೂ ಮಾತ್ರ ಗೊತ್ತಿತ್ತು. ಕುಂಟೆ ತಂದ ಕ್ಯಾಡಿ ಮರಳನ್ನು ಸಮ ಮಾಡಿದರು. ಹಿಮ್ಮಡಿಯ ಗುರುತೂ ಏರಿಯ ಗುರುತೂ ಹೋದವು.

ಆರನೆಯದನ್ನು ಪಟರಿನಲ್ಲೇ ಹೊಡೆದೆ. 2022ರ ಓಪನ್ನಿನ ಕೊನೆಯ ದಿನ ಕ್ಯಾಮರನ್ ಸ್ಮಿತ್ ಬಂಕರಿನ ಮೇಲಿಂದ ಹಾರಿಸುವ ಗೋಜಿಗೆ ಹೋಗದೆ, ಪಟರಿನಿಂದ ಅದರ ಪಕ್ಕದಲ್ಲೇ ಬಳಸಿ ಚೆಂಡನ್ನು ಮೇಲಕ್ಕೆ ಕಳಿಸಿ, ನಾಲ್ಕರಲ್ಲೇ ಹೋಲ್ ಮುಗಿಸಿ ಕೊನೆಗೆ ಪಂದ್ಯ ಗೆದ್ದಿದ್ದರು. ನನ್ನ ಚೆಂಡೂ ಇಳಿಜಾರನ್ನು ಏರಿ, ಬಂಕರಿನ ಅಂಚು ಸವರಿ, ಬಾವುಟದಿಂದ ನಾಲ್ಕು ಅಡಿಯಲ್ಲಿ ನಿಂತಿತು. ಏಳನೆಯ ಏಟಿಗೆ ಕುಳಿಯೊಳಗೆ ಬಿದ್ದ ಟಣ್ ಎಂಬ ಸದ್ದು. ಮೂವರೂ ಚಪ್ಪಾಳೆ ತಟ್ಟಿದರು.

ಹದಿನೆಂಟರ ಟೀ ಅಲ್ಲೇ ಪಕ್ಕದಲ್ಲಿ. ಇಂಥ ಆಟದಲ್ಲಿ ಒಬ್ಬರ ಕಾರ್ಡನ್ನು ಇನ್ನೊಬ್ಬರು ಬರೆಯುವುದು ರೂಢಿ. ನನ್ನದು ಮಾಸ್ತರ ಕೈಯಲ್ಲಿತ್ತು. ಅವರು ಬೆರಳು ಮಡಿಸಿ ಎಣಿಸಿ, "ಏಳು, ಅಲ್ಲವೇ?" ಅಂದರು.

"ಹೂಂ" ಅಂದೆ.

ಆ ಒಂದು ಅಕ್ಷರ ಹೇಗೆ ಬಾಯಿಂದ ಹೊರಬಿತ್ತೆಂದು ನಾನು ಈಗಲೂ ಯೋಚಿಸುತ್ತೇನೆ. ಅದು ಪಂದ್ಯವಲ್ಲ, ಹಣವಿರಲಿಲ್ಲ, ಯಾರ ಪಾಲೂ ಕಡಿಮೆಯಾಗುತ್ತಿರಲಿಲ್ಲ. ಎಂಬತ್ತೇಳಕ್ಕೆ ಏಳು ಸೇರಿಸಿದರೆ ತೊಂಬತ್ತನಾಲ್ಕು. ಹದಿನೆಂಟನೆಯದನ್ನು ಐದರಲ್ಲಿ ಮುಗಿಸಿದರೆ ತೊಂಬತ್ತೊಂಬತ್ತು. ಸೇಂಟ್ ಆಂಡ್ರೂಸಿನಲ್ಲಿ ನೂರರೊಳಗೆ! ಮರಳು ತಾಕಿತೋ ಇಲ್ಲವೋ, ಸದ್ದು ಕೇಳಿದ್ದು ನಿಜವೋ ಎಂದು ಮನಸ್ಸು ಆಗಲೇ ವಕೀಲಿ ಶುರು ಮಾಡಿತ್ತು. ಕೈಗೆ ಮಾತ್ರ ಗೊತ್ತಿತ್ತು. ಕೋಲಿನ ದಂಡದ ಮೂಲಕ ಬಂದ ಆ ಸಣ್ಣ ಉಜ್ಜುವಿಕೆ ಅಂಗೈಯಲ್ಲಿ ಉಳಿದುಬಿಟ್ಟಿತ್ತು.

ಟೀಯಿಂದ ಹೊಡೆದು ನಡೆಯತೊಡಗಿದೆವು. ದಾರಿಯಲ್ಲಿ ಸ್ವಿಲ್ಕನ್ ಎಂಬ ಸಣ್ಣ ತೊರೆ, ಅದರ ಮೇಲೆ ಕಲ್ಲಿನ ಕಿರುಸೇತುವೆ. ಇಲ್ಲಿಗೆ ಬಂದವರೆಲ್ಲ ಅದರ ಮೇಲೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಅಂಚೆಯವರು ನನ್ನ ಮೊಬೈಲ್ ಕೇಳಿ ತೆಗೆದುಕೊಂಡು, "ಅಲ್ಲಿ ನಿಲ್ಲಿ" ಅಂದರು. ಸೇತುವೆಯ ನಡುವಿಗೆ ಹೋದೆ. ನೆಲಹಾಸಿನ ಕಲ್ಲು ಕಾಲುಗಳಿಂದ ಸವೆದು ನುಣುಪಾಗಿತ್ತು.

ಮಾಸ್ತರು ಬೆಳಗ್ಗೆ ಹತ್ತನೆಯ ಹೋಲಿನಲ್ಲಿ ಬಾಬಿ ಜೋನ್ಸ್ ಕಥೆ ಹೇಳಿದ್ದರು, ಆ ಹೋಲಿಗೆ ಅವರ ಹೆಸರೇ ಇಟ್ಟಿದ್ದಾರೆ. ಜೋನ್ಸ್ ಅಮೆರಿಕದವರು, ವಕೀಲರು, ಹಣಕ್ಕಾಗಿ ಆಡದ ಹವ್ಯಾಸಿ. 1921ರಲ್ಲಿ, ಹತ್ತೊಂಬತ್ತರ ವಯಸ್ಸಿನಲ್ಲಿ, ಇದೇ ಮೈದಾನದ ಹನ್ನೊಂದನೆಯ ಹೋಲಿನ ಬಂಕರಿನಲ್ಲಿ ಸಿಕ್ಕಿಕೊಂಡು, ಸಿಟ್ಟಿನಲ್ಲಿ ಓಪನ್ನನ್ನು ಅರ್ಧಕ್ಕೇ ಬಿಟ್ಟು ನಡೆದರು. ನಾಲ್ಕು ವರ್ಷದ ಮೇಲೆ, 1925ರ ಅಮೆರಿಕನ್ ಓಪನ್ನಿನಲ್ಲಿ, ಒರಟು ಹುಲ್ಲಿನಲ್ಲಿ ಚೆಂಡಿನ ಮುಂದೆ ನಿಂತಾಗ ಅದು ಕೊಂಚ ಅಲುಗಿತು. ಬೇರೆ ಯಾರೂ ಕಂಡಿರಲಿಲ್ಲ. ಅವರೇ ತಮ್ಮ ಮೇಲೆ ಒಂದು ಏಟಿನ ದಂಡ ಹಾಕಿಕೊಂಡರು. ಕೊನೆಗೆ ಪಂದ್ಯ ಸಮವಾಗಿ, ಮತ್ತೆ ಆಡಿದಾಗ ಒಂದು ಏಟಿನಿಂದ ಸೋತರು. ಆ ಒಂದು ಏಟನ್ನು ಮುಚ್ಚಿಟ್ಟಿದ್ದರೆ ಮೊದಲೇ ಗೆದ್ದಿರುತ್ತಿದ್ದರು. 1927ರಲ್ಲಿ ಇಲ್ಲಿಗೇ ಬಂದು ಓಪನ್ ಗೆದ್ದರು. 1958ರಲ್ಲಿ ಈ ಊರು ಅವರಿಗೆ ಪೌರಸನ್ಮಾನ ಮಾಡಿತು. ಅರ್ಧಕ್ಕೆ ಬಿಟ್ಟುಹೋದ ಹುಡುಗನನ್ನೇ ಊರು ತನ್ನವನೆಂದು ಅಪ್ಪಿಕೊಂಡಿತು.

ಆದರೆ ಸೇತುವೆಯ ಮೇಲೆ ನನಗೆ ಕೇಳಿಸಿದ್ದು ಜೋನ್ಸರ ಕಥೆಯಲ್ಲ. ಚಾಮುಂಡಿ ಬೆಟ್ಟದ ಎದುರಿನ ಪೊದೆ, ಪೊದೆಯ ಬಳಿ ನಿಂತ ನನ್ನ ಕ್ಯಾಡಿ. ತಗಲದಿದ್ರೂ ಏಟು ಏಟೇ. ಅಲ್ಲಿ ಚೆಂಡಿಗೆ ತಗಲದ್ದು ಲೆಕ್ಕವಾಗಿತ್ತು. ಇಲ್ಲಿ ಮರಳಿಗೆ ತಗಲಿದ್ದು ಲೆಕ್ಕವಿಲ್ಲದೆ ಹೋಗುತ್ತದೆಯೇ? ಆತ ನನ್ನ ಚೀಲ ಹೊತ್ತು ಕೂಲಿ ಪಡೆಯುವವನು. ನನ್ನ ಮಾತಿಗೆ ಹೂಂಗುಟ್ಟಿದ್ದರೆ ಆತನಿಗೆ ನಷ್ಟವೇನೂ ಇರಲಿಲ್ಲ. ಆದರೂ ಮೊದಲ ತಿಂಗಳಲ್ಲೇ ನನ್ನ ಮುಖ ನೋಡಿ ಏಳು ಅಂದಿದ್ದ. ಅಂದು ಆತ ಆರಕ್ಕೆ ಒಪ್ಪಿಕೊಂಡಿದ್ದರೆ ಇಷ್ಟು ವರ್ಷ ನಾನು ಆಡಿದ್ದು ಬೇರೆ ಯಾವುದೋ ಆಟವಾಗಿರುತ್ತಿತ್ತು.

"ಸ್ವಲ್ಪ ನಿಲ್ಲಿ" ಅಂದೆ ಅಂಚೆಯವರಿಗೆ. ಸೇತುವೆ ಇಳಿದು ಮಾಸ್ತರ ಬಳಿ ಹೋದೆ. "ಬಂಕರಿನಲ್ಲಿ ಎರಡನೇ ಸಲ ಕೋಲು ಹಿಂದಕ್ಕೆಳೆದಾಗ ಮರಳು ತಾಕಿತು. ಅದು ಏಳಲ್ಲ, ಒಂಬತ್ತು."

ಅವರು ಏನೂ ಕೇಳಲಿಲ್ಲ. ಮೊದಲೇ ಹೇಳಬಾರದಿತ್ತೇ ಅನ್ನಲಿಲ್ಲ, ಹೊಗಳಲೂ ಇಲ್ಲ. ಕಾರ್ಡನ್ನೂ ಪೆನ್ಸಿಲನ್ನೂ ನನ್ನ ಕೈಗೆ ಕೊಟ್ಟರು. ಪೆನ್ಸಿಲಿನ ಹಿಂಬದಿಗೆ ರಬ್ಬರ್ ಇತ್ತು. ನನ್ನ ಕೈ ಅದನ್ನು ತಿರುಗಿಸಲಿಲ್ಲ. ಏಳರ ಮೇಲೆ ಒಂದು ಗೆರೆ ಎಳೆಯಿತು, ಪಕ್ಕದಲ್ಲಿ ಒ‌ಂಬತ್ತು ಬರೆಯಿತು, ಗೆರೆಯ ತುದಿಗೆ ಸಹಿ ಹಾಕಿತು. ಎಂ.ಬಿ.ಯ ಅಭ್ಯಾಸ. ಮಾಸ್ತರು ಅದನ್ನು ನೋಡಿ, ಕೆಳಗೆ ತಮ್ಮ ಹೆಸರಿನ ಎರಡಕ್ಷರ ಬರೆದರು. ಆಮೇಲೆ ಮೆಲ್ಲಗೆ, "ನಕಾಜಿಮ ಬರೆದದ್ದೂ ಒಂಬತ್ತೇ" ಅಂದರು.

ಅಲ್ಲಿಯವರೆಗೆ ನನಗೆ ನಕಾಜಿಮರ ಒಂಬತ್ತು ಒಂದು ಸೋಲಿನ ಕಥೆಯಾಗಿ ಕೇಳಿತ್ತು. ಆಗ ಇನ್ನೊಂದು ಕಂಡಿತು. ಲೋಕವೆಲ್ಲ ನೋಡುತ್ತಿರುವಾಗ, ಗೆಲ್ಲಬಹುದಾಗಿದ್ದ ಪಂದ್ಯ ಕೈಜಾರಿದ ಗಳಿಗೆಯಲ್ಲಿ, ಆ ಮನುಷ್ಯ ಗುಂಡಿಯಿಂದ ಎದ್ದು ಬಂದು ಒಂದೊಂದು ಏಟನ್ನೂ ಎಣಿಸಿ, ಒಂಬತ್ತನ್ನು ಒಪ್ಪಿಕೊಂಡು, ಮುಂದಿನ ಟೀಗೆ ನಡೆದ. ಕಷ್ಟದ ಹೋಲ್ ಎನ್ನುವುದು ಅದಕ್ಕೇ ಇರಬೇಕು. ಸುಲಭದ ಹೋಲಿನಲ್ಲಿ ಲೆಕ್ಕ ಒಪ್ಪಿಸುವುದು ಯಾರಿಗೂ ಭಾರವಲ್ಲ. ನಾಲ್ಕು ಬಂದಾಗ ನಾಲ್ಕು ಎಂದು ಯಾರು ಬೇಕಾದರೂ ಹೇಳುತ್ತಾರೆ. ಒಂಬತ್ತು ಬಂದಾಗ ಒಂಬತ್ತು ಎಂದು ಹೇಳಲು ನನಗೆ ಒಂದು ಟೀ, ಒಂದು ಏಟು, ಒಂದು ಸೇತುವೆಯಷ್ಟು ದೂರ ನಡೆಯಬೇಕಾಯಿತು.

ಫೋಟೊ ಆಮೇಲೆ ತೆಗೆಸಿಕೊಂಡೆ. ಹದಿನೆಂಟನೆಯದು ಐದರಲ್ಲಿ ಮುಗಿಯಿತು. ಒಟ್ಟು 101.

ಮೈಸೂರಿಗೆ ಮರಳಿದ ಮಾರನೆಯ ದಿನವೇ ಮೈದಾನಕ್ಕೆ ಹೋದೆ. ನನ್ನ ಕ್ಯಾಡಿಗೆಂದು ಅಲ್ಲಿಂದ ಒಂದು ಟೋಪಿ ತಂದಿದ್ದೆ. ಆತ ಅದನ್ನು ತಲೆಗಿಟ್ಟುಕೊಂಡು, "ಕಾರ್ಡ್ ಎಲ್ಲಿ ಸಾರ್?" ಅಂದ. ಕೊಟ್ಟೆ. ಇಂಗ್ಲಿಷ್ ಅಕ್ಷರ ಓದಲು ಆತನಿಗೆ ಅಷ್ಟಾಗಿ ಬಾರದು, ಅಂಕಿಗಳನ್ನು ಮಾತ್ರ ಯಾವ ಗುಮಾಸ್ತನಿಗಿಂತಲೂ ಚೆನ್ನಾಗಿ ಓದುತ್ತಾನೆ. ಹದಿನೇಳನೆಯ ಮನೆಗೆ ಬಂದಾಗ ಬೆರಳು ನಿಂತಿತು.

"ಇದೇನ್ ಸಾರ್, ಹೊಡೆದು ಬರ್ದಿದೀರಾ?"

ಹೇಳಿದೆ. ಶೆಡ್ಡಿನ ಮೇಲಿಂದ ಒಂದು, ಬಲಕ್ಕೆ ಇಟ್ಟದ್ದು ಎರಡು, ಬಂಕರಿಗೆ ಉರುಳಿದ್ದು ಮೂರು, ಗೋಡೆಗೆ ಬಡಿದದ್ದು ನಾಲ್ಕು, ಹಿಂದಕ್ಕೆ ಹೊರಬಂದದ್ದು ಐದು, ಮರಳು ತಾಕಿದ್ದಕ್ಕೆ ಎರಡು, ಬಳಸಿ ಹತ್ತಿಸಿದ್ದು, ಕುಳಿಗೆ ಹಾಕಿದ್ದು. ಆತ ಗೋಲಿಯಾಟದ ಹುಡುಗರ ಹಾಗೆ ಒಂದೊಂದಕ್ಕೂ ಒಂದೊಂದು ಬೆರಳು ಮಡಿಸುತ್ತಾ ಹೋದ. ಮರಳಿಗೆ ಎರಡು ಬೆರಳನ್ನು ಒಟ್ಟಿಗೆ ಮಡಿಸಿದ. ಕೊನೆಗೆ ಎರಡು ಕೈಗಳಲ್ಲಿ ಒಂದೇ ಬೆರಳು ಮಡಿಸದೆ ಉಳಿದಿತ್ತು. ಅದನ್ನು ಒಮ್ಮೆ ನೋಡಿ ಕಾರ್ಡನ್ನು ನನಗೆ ವಾಪಸು ಕೊಟ್ಟ.

"ಸರಿಯಾಗೈತೆ ಸಾರ್" ಅಂದು ಚೀಲ ಹೆಗಲಿಗೇರಿಸಿ ಒಂದನೇ ಟೀ ಕಡೆಗೆ ನಡೆದ. ಮಂಜು ಸರಿದು ಬೆಟ್ಟ ಕಾಣತೊಡಗಿತ್ತು. ನಾನು ಆತನ ಹಿಂದೆ ಹೊರಟೆ.